ಹೊಸ ಪ್ಲಗಿನ್ ಬೇಕೆ? ವಿಭಾಗಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯದ ವಿಭಾಗಗಳು, ಅಧ್ಯಯನ ಪೀಠಗಳು, ಗ್ರಂಥಾಲಯ, ವಿದ್ಯಾರ್ಥಿನಿಲಯ, ಎನ್‌ಎಸ್‌ಎಸ್ ಘಟಕ ಎಲ್ಲವೂ ವರ್ಡ್‌ಪ್ರೆಸ್ ಎಂಬ, ಜಾಲತಾಣ ಕಟ್ಟಿ ನಡೆಸುವ ಒಂದೇ ವೇದಿಕೆಯ ಮೇಲೆ ತಮ್ಮ ತಮ್ಮ ತಾಣಗಳನ್ನು ನಡೆಸುತ್ತಿವೆ. ಅದನ್ನು ನೋಡಿಕೊಳ್ಳುವ ಜಾಲತಾಣ ಘಟಕದಲ್ಲಿ ಇರುವವರು ಬೆರಳೆಣಿಕೆಯ ಮಂದಿ. ನಮಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ: "ಈ ಪ್ಲಗಿನ್ ಹಾಕಿಕೊಡಿ, ಎರಡು ನಿಮಿಷದ ಕೆಲಸ." ಪ್ಲಗಿನ್ ಎಂದರೆ ತಾಣಕ್ಕೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ. ಅದನ್ನು ಹಾಕುವುದು ನಿಜಕ್ಕೂ ಎರಡು ನಿಮಿಷದ ಕೆಲಸವೇ. ಅದಕ್ಕೆ ಮೊದಲು ಏನಿದೆ, ಅದಾದ ಮೇಲೆ ವರ್ಷಗಟ್ಟಲೆ ಏನಿದೆ ಎಂದು ಪ್ರತಿ ಕರೆಯಲ್ಲೂ ವಿವರಿಸುವ ಬದಲು ಇಲ್ಲಿ ಬರೆದಿಟ್ಟಿದ್ದೇವೆ.

ನನ್ನ ಡ್ಯಾಶ್‌ಬೋರ್ಡಿನಲ್ಲಿ ಹೊಸ ಪ್ಲಗಿನ್ ಸೇರಿಸುವ ಗುಂಡಿಯೇ ಇಲ್ಲ. ನಾನು ಅಡ್ಮಿನ್ ಅಲ್ಲವೇ?

ನಿಮ್ಮ ತಾಣಕ್ಕೆ ನೀವೇ ಅಡ್ಮಿನ್. ಆದರೆ ನಮ್ಮದು ಬಿಡಿ ವರ್ಡ್‌ಪ್ರೆಸ್ ಅಲ್ಲ, ಮಲ್ಟಿಸೈಟ್. ಒಂದೇ ತಂತ್ರಾಂಶವನ್ನು ಹಲವು ತಾಣಗಳು ಹಂಚಿಕೊಳ್ಳುವ ಈ ವ್ಯವಸ್ಥೆ ಮೊದಲು ವರ್ಡ್‌ಪ್ರೆಸ್ ಎಂಯು ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿತ್ತು, 2010ರ 3.0 ಆವೃತ್ತಿಯಲ್ಲಿ ಮೂಲ ವರ್ಡ್‌ಪ್ರೆಸ್‌ನೊಳಗೇ ಸೇರಿಕೊಂಡಿತು. ಇಲ್ಲಿ ಪ್ಲಗಿನ್ ಸ್ಥಾಪಿಸುವ ಅಧಿಕಾರ ಇಡೀ ಜಾಲಕ್ಕೆ ಹೊಣೆಯಾದ ಸೂಪರ್ ಅಡ್ಮಿನ್‌ಗೆ ಮಾತ್ರ. ಸ್ಥಾಪಿಸಿಟ್ಟ ಪ್ಲಗಿನ್‌ಗಳನ್ನು ನಿಮ್ಮ ತಾಣದಲ್ಲಿ ಚಾಲೂ ಮಾಡುವುದು, ನಿಲ್ಲಿಸುವುದು ನಿಮ್ಮ ಕೈಯಲ್ಲಿದೆ. ಗುಂಡಿಯನ್ನು ನಾವು ಬಚ್ಚಿಟ್ಟಿಲ್ಲ. ಮಲ್ಟಿಸೈಟ್ ಇರುವುದೇ ಹಾಗೆ.

ನಮ್ಮ ವಿಭಾಗದ ತಾಣದಲ್ಲಿ ಮಾತ್ರ ಚಾಲೂ ಮಾಡಿಕೊಂಡರೆ ಉಳಿದವರಿಗೆ ಏನು ತೊಂದರೆ?

ಹಳೆಯ ಬೆಂಗಳೂರು, ಮೈಸೂರಿನ ವಠಾರಗಳಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಗಿಲು ಬೇರೆ ಬೇರೆ, ನೀರಿನ ತೊಟ್ಟಿ ಒಂದೇ.

ಡೇಟಾಬೇಸಿನಲ್ಲಿ ಪ್ರತಿ ತಾಣದ ಬರಹಗಳಿಗೆ ಬೇರೆ ಬೇರೆ ಕೋಷ್ಟಕಗಳಿವೆ, ನಿಜ. ಬಳಕೆದಾರರ ಕೋಷ್ಟಕ ಮಾತ್ರ ಇಡೀ ಜಾಲಕ್ಕೆ ಒಂದೇ. ಡೇಟಾಬೇಸಿನ ಗುಪ್ತಪದವೂ ಒಂದೇ, ಅದನ್ನು ಬರೆದಿಟ್ಟ ಕಡತವೂ ಒಂದೇ. ಸಸ್ಯಶಾಸ್ತ್ರ ವಿಭಾಗದ ತಾಣದಲ್ಲಿ ಮಾತ್ರ ಚಾಲೂ ಇರುವ ಪ್ಲಗಿನ್ ಕೂಡ ಆ ಗುಪ್ತಪದವನ್ನು ಓದಬಲ್ಲದು, ಪರೀಕ್ಷಾಂಗದ ತಾಣದ ಕೋಷ್ಟಕವನ್ನು ತೆರೆಯಬಲ್ಲದು. ಒಳ್ಳೆಯ ಪ್ಲಗಿನ್ ಹಾಗೆ ಮಾಡುವುದಿಲ್ಲ. ಆದರೆ ಅದರಲ್ಲಿ ಒಂದು ಬಿರುಕಿದ್ದರೆ, ಆ ಬಿರುಕಿನಿಂದ ಒಳಬಂದವನಿಗೆ ಇಡೀ ವಠಾರವೇ ತೆರೆದಂತೆ.

ಚಾಲೂ ಮಾಡದೆ ಸುಮ್ಮನೆ ಸ್ಥಾಪಿಸಿಟ್ಟಿರಿ, ಮುಂದೆ ಬೇಕಾದಾಗ ನೋಡೋಣ. ಆಗದೇ?

ಆಗದು. ನಿಲ್ಲಿಸಿಟ್ಟ ಪ್ಲಗಿನ್‌ನ ಕಡತಗಳೂ ಸರ್ವರಿನಲ್ಲಿ ಕುಳಿತೇ ಇರುತ್ತವೆ. 2020ರ ಸೆಪ್ಟೆಂಬರಿನಲ್ಲಿ 7 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನಲ್ಲಿ ಲೋಪ ಹೊರಬಿತ್ತು. ಅದು ತನ್ನೊಳಗೆ ಇನ್ನೊಂದು ತಂತ್ರಾಂಶ ಭಂಡಾರವನ್ನು ಅಡಕ ಮಾಡಿಕೊಂಡಿತ್ತು. ಉದಾಹರಣೆಗೆಂದು ಅದರಲ್ಲಿ ಕೊಟ್ಟಿದ್ದ ಒಂದು ಕಡತದ ಹೆಸರನ್ನು ಯಾರೋ ಓಡುವ ಕಡತದ ಹೆಸರಾಗಿ ಬದಲಿಸಿದ್ದರು. ಲಾಗಿನ್ ಆಗುವ ಗೋಜಿಲ್ಲದೆ, ಆ ಕಡತದ ವಿಳಾಸವನ್ನು ನೇರವಾಗಿ ಕರೆದು ಯಾರು ಬೇಕಾದರೂ ಸರ್ವರಿಗೆ ತಮ್ಮ ಕೋಡನ್ನು ಏರಿಸಬಹುದಿತ್ತು. ಬಳಸದ ಪ್ಲಗಿನ್ ಅಟ್ಟದ ಮೇಲಿನ ಹಳೆಯ ಪಾತ್ರೆಯಲ್ಲ. ಚಿಲಕ ಹಾಕದೆ ಬಿಟ್ಟ ಹಿತ್ತಿಲ ಬಾಗಿಲು. ಆದ್ದರಿಂದ ಯಾವ ತಾಣದಲ್ಲೂ ಬಳಕೆಯಲ್ಲಿಲ್ಲದ ಪ್ಲಗಿನ್‌ಗಳನ್ನು ಸೆಮಿಸ್ಟರಿಗೊಮ್ಮೆ ಅಳಿಸಿಯೇ ಹಾಕುತ್ತೇವೆ.

ಲಕ್ಷಾಂತರ ಮಂದಿ ಬಳಸುತ್ತಿರುವ ಪ್ಲಗಿನ್ ಇದು. ಇದನ್ನೂ ನೀವು ಪರೀಕ್ಷಿಸಬೇಕೇ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಸ್ವಲ್ಪ ಸಿಟ್ಟಿನಲ್ಲೇ ಕೇಳುತ್ತಾರೆ. ಅವರ ವಾದದಲ್ಲಿ ಅರ್ಧ ನಿಜವಿದೆ. ಹೆಚ್ಚು ಮಂದಿ ಬಳಸುವ ಪ್ಲಗಿನ್‌ನಲ್ಲಿ ಲೋಪವಿದ್ದರೆ ಬೇಗ ಪತ್ತೆಯಾಗುತ್ತದೆ, ಬೇಗ ಸರಿಯಾಗುತ್ತದೆ. ಉಳಿದರ್ಧ ಹೀಗಿದೆ. 2024ರ ಆಗಸ್ಟಿನಲ್ಲಿ 50 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಲೈಟ್‌ಸ್ಪೀಡ್ ಕ್ಯಾಶ್‌ನಲ್ಲಿ, ಹೊರಗಿನವರು ಅಡ್ಮಿನ್ ಆಗಿಬಿಡಬಹುದಾದ ಲೋಪ ಸಿಕ್ಕಿತು. ಅದೇ ವರ್ಷದ ನವೆಂಬರಿನಲ್ಲಿ 40 ಲಕ್ಷ ತಾಣಗಳಲ್ಲಿದ್ದ ರಿಯಲಿ ಸಿಂಪಲ್ ಸೆಕ್ಯುರಿಟಿಯ ಸರದಿ. ಅದರ ಲೋಪವಿದ್ದದ್ದು ಎರಡು ಹಂತದ ಲಾಗಿನ್ ಸೌಲಭ್ಯದಲ್ಲೇ! ಬೀಗಕ್ಕೆಂದು ತಂದದ್ದೇ ಬಾಗಿಲಾಯಿತು. ವರ್ಡ್‌ಪ್ರೆಸ್ ತಂಡ ತಾನೇ ಮುಂದಾಗಿ ತಾಣಗಳಿಗೆ ಒತ್ತಾಯದ ಅಪ್‌ಡೇಟ್ ಕಳಿಸಬೇಕಾಯಿತು.

ಲೋಪಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಮಾಲೀಕತ್ವ. ಡಿಸ್‌ಪ್ಲೇ ವಿಜೆಟ್ಸ್ ಎಂಬ ಪುಟ್ಟ, ಸಭ್ಯ ಪ್ಲಗಿನ್ ಸುಮಾರು 2 ಲಕ್ಷ ತಾಣಗಳಲ್ಲಿತ್ತು. 2017ರಲ್ಲಿ ಮೂಲ ಲೇಖಕರು ಅದನ್ನು ಮಾರಿದರು. ಕೊಂಡವರು ಅಪ್‌ಡೇಟಿನ ಜೊತೆಗೇ ಹಿಂಬಾಗಿಲನ್ನೂ ಸೇರಿಸಿ ಕಳಿಸಿದರು. ಪುಟಗಳಲ್ಲಿ ಜಾಹೀರಾತಿನ ಬರಹ ತುಂಬುವುದು, ಅದು ಲಾಗಿನ್ ಆದವರಿಗೆ ಮಾತ್ರ ಕಾಣದಂತೆ ಮಾಡುವುದು ಅದರ ಕೆಲಸ. ಅಂದರೆ ತಾಣದ ಯಜಮಾನನಿಗೆ ಮಾತ್ರ ಏನೂ ಕಾಣದು. ಬಳಕೆದಾರರ ಸಂಖ್ಯೆ ಹಿಂದಿನ ದಿನ ಎಷ್ಟಿತ್ತೋ ಅಂದೂ ಅಷ್ಟೇ ಇತ್ತು.

ಹಾಗಾದರೆ ನೀವು ನೋಡುವುದಾದರೂ ಏನನ್ನು?

ಮೊದಲು ನೋಡುವುದು ಪ್ಲಗಿನ್ ಅನ್ನು ಅಲ್ಲ, ನಿಮ್ಮ ಅಗತ್ಯವನ್ನು. "ಈವೆಂಟ್ ಕ್ಯಾಲೆಂಡರ್ ಬೇಕು" ಎಂದು ಬರುವ ಅರ್ಜಿಯ ಹಿಂದೆ ಇರುವುದು ಎಷ್ಟೋ ಬಾರಿ ವರ್ಷಕ್ಕೆ ನಾಲ್ಕು ವಿಚಾರ ಸಂಕಿರಣ. ಅದಕ್ಕೆ ಒಂದು ಪುಟ, ಒಂದು ಪಟ್ಟಿ ಸಾಕು. ನಮ್ಮಲ್ಲಿ ಈಗಾಗಲೇ ಇರುವ ಪ್ಲಗಿನ್‌ನಿಂದಲೇ ಆಗುವ ಕೆಲಸವಾದರೆ ಅದನ್ನು ತೋರಿಸಿಕೊಡುತ್ತೇವೆ. ಅರ್ಜಿಗಳಲ್ಲಿ ದೊಡ್ಡ ಪಾಲು ಇಲ್ಲಿಯೇ, ಎರಡೂ ಕಡೆಯವರಿಗೆ ಸಮಾಧಾನವಾಗುವಂತೆ ಮುಗಿಯುತ್ತದೆ.

ಮುಗಿಯದಿದ್ದರೆ ಪ್ಲಗಿನ್‌ನ ಜಾತಕ ತೆಗೆಯುತ್ತೇವೆ. ವರ್ಡ್‌ಪ್ರೆಸ್‌ನ ಅಧಿಕೃತ ಭಂಡಾರದಲ್ಲಿ ಸುಮಾರು 60 ಸಾವಿರ ಉಚಿತ ಪ್ಲಗಿನ್‌ಗಳಿವೆ. ಎಲ್ಲವನ್ನೂ ಇಂದಿಗೂ ಯಾರೋ ಕಾಪಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಕೊನೆಯ ಅಪ್‌ಡೇಟ್ ಯಾವಾಗ ಬಂತು, ಬಳಕೆದಾರರ ದೂರುಗಳಿಗೆ ಲೇಖಕರು ಉತ್ತರಿಸುತ್ತಿದ್ದಾರೆಯೇ, ಮಾಲೀಕರು ಇತ್ತೀಚೆಗೆ ಬದಲಾಗಿದ್ದಾರೆಯೇ, ಹಿಂದೆ ಲೋಪ ಸಿಕ್ಕಿದ್ದರೆ ಎಷ್ಟು ದಿನದಲ್ಲಿ ಸರಿಪಡಿಸಿದರು, ಇವಿಷ್ಟನ್ನು ನೋಡುತ್ತೇವೆ. ಹಿಂದೆ ಲೋಪ ಸಿಕ್ಕಿತ್ತು ಎಂಬುದು ನಮ್ಮ ಕಣ್ಣಿಗೆ ಕಳಂಕವಲ್ಲ. ಎರಡೇ ದಿನಗಳಲ್ಲಿ ಸರಿಪಡಿಸಿ, ಬದಲಾವಣೆಗಳ ಪಟ್ಟಿಯಲ್ಲಿ ಅದನ್ನು ನೇರವಾಗಿ ಒಪ್ಪಿಕೊಂಡವರ ಮೇಲೆ ನಮಗೆ ನಂಬಿಕೆ ಹೆಚ್ಚು. "ಸಣ್ಣಪುಟ್ಟ ಸುಧಾರಣೆಗಳು" ಎಂದು ಬರೆದು ಭದ್ರತಾ ಲೋಪವನ್ನು ಮುಚ್ಚಿಟ್ಟವರ ಮೇಲೆ ಕಡಿಮೆ.

ಆಮೇಲೆ ಕೋಡ್. ಸಾಲು ಸಾಲಾಗಿ ಓದುವಷ್ಟು ಸಮಯ ನಮಗಿಲ್ಲ, ಓದುತ್ತೇವೆಂದು ಸುಳ್ಳು ಹೇಳುವುದೂ ಇಲ್ಲ. ಹೊರಗಿನಿಂದ ಮಾಹಿತಿ ಒಳಬರುವ ಜಾಗಗಳನ್ನು ಹುಡುಕುತ್ತೇವೆ: ಫಾರ್ಮುಗಳು, ಕಡತ ಏರಿಸುವ ಕಡೆ, ಹಿನ್ನೆಲೆಯಲ್ಲಿ ಓಡುವ ಕೋರಿಕೆಗಳು. ಪ್ರತಿಯೊಂದರಲ್ಲೂ ಮೂರು ಪ್ರಶ್ನೆ. ಕೇಳುತ್ತಿರುವವನಿಗೆ ಈ ಕೆಲಸದ ಅಧಿಕಾರವಿದೆಯೇ ಎಂದು ಕೋಡ್ ಪರಿಶೀಲಿಸುತ್ತದೆಯೇ? ಕೋರಿಕೆ ನಿಜವಾಗಿ ನಮ್ಮ ಪುಟದಿಂದಲೇ ಬಂದಿದೆಯೇ ಎಂದು ನೋಡುತ್ತದೆಯೇ? ಬಂದದ್ದನ್ನು ಡೇಟಾಬೇಸಿಗೆ ಹಾಕುವ ಮೊದಲು, ಪರದೆಯ ಮೇಲೆ ತೋರಿಸುವ ಮೊದಲು ಶುದ್ಧಿ ಮಾಡುತ್ತದೆಯೇ? ವರ್ಡ್‌ಪ್ರೆಸ್ ಲೋಪಗಳ ವರದಿಗಳನ್ನು ಓದುತ್ತ ಹೋದರೆ ಹೆಚ್ಚಿನವು ಈ ಮೂರರಲ್ಲಿ ಒಂದನ್ನು ಮರೆತದ್ದರಿಂದಲೇ ಆದವು.

ಕೊನೆಯದು ತೂಕ. ಪ್ರಯೋಗದ ಸರ್ವರಿನಲ್ಲಿ ಹಾಕಿ, ಒಂದು ಪುಟ ತೆರೆಯಲು ಡೇಟಾಬೇಸಿಗೆ ಎಷ್ಟು ಪ್ರಶ್ನೆ ಹೋಗುತ್ತಿವೆ, ಹೊರಗಿನ ಯಾವ ಯಾವ ಸರ್ವರುಗಳಿಗೆ ಕರೆ ಹೋಗುತ್ತಿದೆ ಎಂದು ಅಳೆಯುತ್ತೇವೆ. ಫಲಿತಾಂಶದ ದಿನ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ಬರುತ್ತಾರೆ. ಎಲ್ಲೋ ಒಂದು ವಿಭಾಗದ ಚೆಂದದ ಗ್ಯಾಲರಿಯಿಂದಾಗಿ ಅಂದು ಫಲಿತಾಂಶದ ಪುಟ ಕುಸಿದರೆ ಉತ್ತರ ಹೇಳಬೇಕಾದವರು ನಾವು.

ನನ್ನ ಸ್ವಂತ ತಾಣದಲ್ಲಿ ಚೆನ್ನಾಗಿ ಓಡುತ್ತಿದೆ. ಇಲ್ಲೇಕೆ ಓಡುವುದಿಲ್ಲ ಎನ್ನುತ್ತೀರಿ?

ಬಹಳಷ್ಟು ಪ್ಲಗಿನ್‌ಗಳನ್ನು ಬಿಡಿ ತಾಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಚಾಲೂ ಮಾಡಿದ ಗಳಿಗೆಯಲ್ಲಿ ತಮಗೆ ಬೇಕಾದ ಕೋಷ್ಟಕವನ್ನು ಒಮ್ಮೆ ಸೃಷ್ಟಿಸಿ ಸುಮ್ಮನಾಗುತ್ತವೆ. ಜಾಲದಾದ್ಯಂತ ಚಾಲೂ ಮಾಡಿದರೆ ಮೊದಲ ತಾಣಕ್ಕೆ ಮಾತ್ರ ಕೋಷ್ಟಕ, ಉಳಿದವಕ್ಕೆ ದೋಷ ಸಂದೇಶ. ಮುಂದಿನ ತಿಂಗಳು ಹೊಸ ವಿಭಾಗವೊಂದು ಸೇರಿದರೆ ಅದಕ್ಕೂ ಕೋಷ್ಟಕವಿಲ್ಲ. ಇನ್ನೊಂದು ವ್ಯತ್ಯಾಸ: ಮಲ್ಟಿಸೈಟಿನಲ್ಲಿ ತಾಣದ ಅಡ್ಮಿನ್ ಕೂಡ ಪುಟದೊಳಗೆ ತನಗೆ ಬೇಕಾದ ಸ್ಕ್ರಿಪ್ಟ್ ಅಂಟಿಸಲು ಸಾಧ್ಯವಿಲ್ಲ, ವರ್ಡ್‌ಪ್ರೆಸ್ ಅದನ್ನು ಸೋಸಿಬಿಡುತ್ತದೆ. ಆ ಸೌಲಭ್ಯವನ್ನೇ ನಂಬಿದ ಪ್ಲಗಿನ್‌ಗಳು ಇಲ್ಲಿ ಮೂಕವಾಗುತ್ತವೆ.

ಕನ್ನಡದ ಪುಟಗಳಿಗೆಂದು ಬೇರೆ ಪರೀಕ್ಷೆ ಇದೆಯೇ?

ಇದೆ. ಬೇರೆ ಎಲ್ಲದರಲ್ಲೂ ತೇರ್ಗಡೆಯಾಗಿ ಇಲ್ಲಿ ಮುಗ್ಗರಿಸಿದ ಪ್ಲಗಿನ್‌ಗಳು ಕಡಿಮೆಯಿಲ್ಲ. "ಯೂನಿಕೋಡ್‌ಗೆ ಬೆಂಬಲವಿದೆ" ಎಂದು ಬರೆದಿದ್ದರೆ ಅಷ್ಟಕ್ಕೇ ಒಪ್ಪಿಕೊಳ್ಳುವುದಿಲ್ಲ.

ಮೊದಲ ಪರೀಕ್ಷೆ ಕಣ್ಣಿಗೆ ಕಾಣದ ಅಕ್ಷರದ್ದು. "ರಾಜ್‌ಕುಮಾರ್" ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಅಗಲವೇ ಇಲ್ಲದ ಒಂದು ಅಡ್ಡಗೋಡೆ ಇರುತ್ತದೆ. ಅದಿಲ್ಲದಿದ್ದರೆ ಒತ್ತಕ್ಷರ ಕೂಡಿಕೊಂಡು "ರಾಜ್ಕುಮಾರ್" ಆಗುತ್ತದೆ. ಬರಹವನ್ನು "ಸ್ವಚ್ಛ" ಮಾಡುತ್ತೇವೆಂದು ಹೊರಡುವ ಕೆಲವು ಪ್ಲಗಿನ್‌ಗಳು ಈ ಗೋಡೆಯನ್ನು ಕಸವೆಂದು ಗುಡಿಸಿಬಿಡುತ್ತವೆ. ಬೋಧಕರ ಪಟ್ಟಿಯಲ್ಲಿ ತಮ್ಮ ಹೆಸರು ಕೆಟ್ಟಿತೆಂದು ಪ್ರಾಧ್ಯಾಪಕರು ಫೋನ್ ಮಾಡುವುದು ನಮಗೆ. ಹುಡುಕಾಟದ ಪ್ಲಗಿನ್ ಆದರೆ ಗೋಡೆ ಇರುವ, ಇಲ್ಲದ ಎರಡೂ ರೂಪಗಳಲ್ಲಿ ಹುಡುಕಿ ನೋಡುತ್ತೇವೆ.

ಎರಡನೆಯದು ಪುಟದ ವಿಳಾಸ. ಶೀರ್ಷಿಕೆಯಿಂದಲೇ ವರ್ಡ್‌ಪ್ರೆಸ್ ವಿಳಾಸ ಕಟ್ಟುತ್ತದೆ, ಅದಕ್ಕೆ 200 ಅಕ್ಷರಗಳ ಮಿತಿ ಇದೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದ ಪ್ರತಿ ಸಂಕೇತ ಮೂರು ಬೈಟ್, ವಿಳಾಸದಲ್ಲಿ ಪ್ರತಿ ಬೈಟಿಗೆ ಮೂರು ಚಿಹ್ನೆ (%E0 ಎಂಬಂತೆ), ಒಟ್ಟು ಒಂಬತ್ತು. ಅಂದರೆ ಕನ್ನಡಕ್ಕೆ ಸಿಗುವುದು 22 ಸಂಕೇತಗಳಷ್ಟೇ ಜಾಗ. ಗುಣಿತಾಕ್ಷರದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ (್) ಎಲ್ಲವೂ ಬೇರೆ ಬೇರೆ ಎಣಿಕೆ. "ಸ್ನಾತಕೋತ್ತರ ಪ್ರವೇಶ ಪ್ರಕಟಣೆ" ಎಂಬ ಮೂರೇ ಪದಗಳ ಶೀರ್ಷಿಕೆಯನ್ನು ಎಣಿಸಿ ನೋಡಿ: 24. "ಪ್ರಕಟ" ಎಂಬಲ್ಲಿಗೆ ಜಾಗ ಮುಗಿದು "ಣೆ" ಮಾಯ. ಇದು ಯಾವ ಪ್ಲಗಿನ್‌ನ ತಪ್ಪೂ ಅಲ್ಲ. ಆದರೆ ವಿಳಾಸವನ್ನೇ ನಂಬಿ ಕೆಲಸ ಮಾಡುವ ಪ್ಲಗಿನ್‌ಗಳು, ಅಂದರೆ ಹಳೆಯ ಕೊಂಡಿಯಿಂದ ಹೊಸದಕ್ಕೆ ತಿರುಗಿಸುವವು, ಕೊಂಡಿ ಹಂಚುವವು, ಈ ಉದ್ದನೆಯ ಸರಪಳಿಯನ್ನು ನಡುವೆ ಎಲ್ಲೋ ಕತ್ತರಿಸಿ ಪುಟವನ್ನೇ ಕಳೆದುಕೊಳ್ಳುತ್ತವೆ. ನಮ್ಮ ಸಲಹೆ: ಶೀರ್ಷಿಕೆ ಕನ್ನಡದಲ್ಲಿರಲಿ, ವಿಳಾಸವನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ನೀವೇ ಬರೆಯಿರಿ. ಇದರಲ್ಲಿ ಭಾಷಾಭಿಮಾನದ ಪ್ರಶ್ನೆ ಇಲ್ಲ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಕೊಂಡಿ ಮಾರುದ್ದದ ಶೇಕಡಾ ಚಿಹ್ನೆಗಳಾಗಿ ಬಂದರೆ ಒತ್ತಲು ಯಾರಿಗೂ ಧೈರ್ಯ ಬರುವುದಿಲ್ಲ.

ಮೂರನೆಯದು ಪಿಡಿಎಫ್. ಪ್ರಮಾಣಪತ್ರ ಮುದ್ರಿಸಿಕೊಡುವ ಪ್ಲಗಿನ್‌ಗಳಿಗೆ ವಿಚಾರ ಸಂಕಿರಣಗಳ ಕಾಲದಲ್ಲಿ ಬೇಡಿಕೆ ಜಾಸ್ತಿ. ಅವುಗಳ ಒಳಗಿರುವ ಪಿಡಿಎಫ್ ಯಂತ್ರಗಳಲ್ಲಿ ಹಲವಕ್ಕೆ ಅಕ್ಷರ ಜೋಡಿಸಲು ಬರುವುದಿಲ್ಲ. ಒಂದರ ಪಕ್ಕ ಒಂದನ್ನು ಸುರಿಯುತ್ತವಷ್ಟೇ. ಒತ್ತಕ್ಷರ ಕೆಳಗಿಳಿಯುವುದಿಲ್ಲ, ಅರ್ಕಾವೊತ್ತು ತನ್ನ ಜಾಗಕ್ಕೆ ಬರುವುದಿಲ್ಲ. ಪರದೆಯ ಮೇಲೆ ಸರಿಯಾಗಿ ಕಂಡಿತೆಂದರೆ ಸಾಲದು, ಏಕೆಂದರೆ ಅಲ್ಲಿ ಜೋಡಿಸಿಕೊಟ್ಟದ್ದು ಬ್ರೌಸರ್. ಪಿಡಿಎಫ್ ಇಳಿಸಿಕೊಂಡು "ಸಾಂಸ್ಕೃತಿಕ ಕಾರ್ಯಕ್ರಮ" ಎಂಬುದನ್ನು ಓದಿ ನೋಡಬೇಕು. ಆ ಎರಡು ಪದ ಸರಿಯಾಗಿ ಮೂಡಿದರೆ ಬಹುತೇಕ ಎಲ್ಲವೂ ಮೂಡುತ್ತದೆ.

ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಸುತ್ತೋಲೆಗಳನ್ನು ತಾಣದಲ್ಲಿ ಹಾಗೆಯೇ ತೋರಿಸುವ ಪ್ಲಗಿನ್ ಬೇಕೆಂದು ಆಗಾಗ ಕೇಳುತ್ತಾರೆ. ದಯವಿಟ್ಟು ಬೇಡ. ಯೂನಿಕೋಡ್‌ಗೆ ಪರಿವರ್ತಿಸಿ ಹಾಕಿ. ಇಲ್ಲದಿದ್ದರೆ ಆ ಬರಹ ಗೂಗಲ್‌ಗೂ ಸಿಗದು, ಪರದೆ ಓದುವ ತಂತ್ರಾಂಶಕ್ಕೂ ಸಿಗದು.

ಅಂಗವಿಕಲರಿಗೆ ನೆರವಾಗುವ ಗುಂಡಿ ಸೇರಿಸುವ ಪ್ಲಗಿನ್ ಇದೆಯಲ್ಲ? ಅದನ್ನು ಹಾಕಿದರೆ ನಿಯಮ ಪಾಲಿಸಿದಂತೆ ಅಲ್ಲವೇ?

ಅಲ್ಲ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರವಿಟ್ಟು "ಎಲ್ಲವೂ ಸರಿಹೋಯಿತು" ಎನ್ನುವ ಈ ಮೇಲುಹೊದಿಕೆಗಳನ್ನು ನಾವು ಒಪ್ಪುವುದಿಲ್ಲ. ಅಂಥದ್ದನ್ನು ಮಾರುವ ಆಕ್ಸೆಸಿಬಿ ಎಂಬ ಕಂಪನಿ, ತನ್ನ ಉಪಕರಣ ಯಾವ ತಾಣವನ್ನಾದರೂ ಮಾನದಂಡಕ್ಕೆ ಹೊಂದಿಸುತ್ತದೆ ಎಂದು ಹೇಳಿಕೊಂಡದ್ದಕ್ಕೆ 2025ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 10 ಲಕ್ಷ ಡಾಲರ್ ಕಟ್ಟಬೇಕಾಯಿತು.

ನಮ್ಮಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿ ಇದೆ, ಅದರ ಮೂರನೆಯ ಆವೃತ್ತಿ 2023ರಲ್ಲಿ ಬಂತು. ಪ್ಲಗಿನ್‌ಗೆ ನಾವು ಮಾಡುವ ಮೊದಲ ಪರೀಕ್ಷೆ ಬಹಳ ಸರಳ: ಮೌಸನ್ನು ಪಕ್ಕಕ್ಕಿಟ್ಟು ಬರೀ ಕೀಲಿಮಣೆಯಲ್ಲಿ ಅದನ್ನು ಬಳಸುವುದು. ಫಾರ್ಮಿನೊಳಗೆ ಹೋಗಿ, ತುಂಬಿ, ಕಳಿಸಿ, ಹೊರಬರಲು ಆಗಬೇಕು. ಬಳಿಕ ಪರದೆ ಓದುವ ತಂತ್ರಾಂಶ ಹಚ್ಚಿ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ. ನೀವೂ ಅರ್ಜಿ ಹಾಕುವ ಮೊದಲು ಐದು ನಿಮಿಷ ಪ್ರಯತ್ನಿಸಿ.

ಗೂಗಲ್ ಫಾರ್ಮ್ ಬದಲು ನಮ್ಮದೇ ತಾಣದಲ್ಲಿ ಪ್ರವೇಶ ಅರ್ಜಿ ತೆಗೆದುಕೊಳ್ಳಲು ಫಾರ್ಮ್ ಪ್ಲಗಿನ್ ಕೊಡುತ್ತೀರಾ?

ಸಂಪರ್ಕ, ಅಭಿಪ್ರಾಯ, ಸಂಕಿರಣದ ನೋಂದಣಿಗೆ ಒಪ್ಪಿತ ಫಾರ್ಮ್ ಪ್ಲಗಿನ್ ಈಗಲೇ ಇದೆ, ಬಳಸಿ. ಪ್ರವೇಶಕ್ಕೆ ಬೇಡ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಪ್ರತಿ ಎಲ್ಲವನ್ನೂ ವಿದ್ಯಾರ್ಥಿ ಅಲ್ಲಿ ಏರಿಸುತ್ತಾನೆ. ವರ್ಡ್‌ಪ್ರೆಸ್‌ನಲ್ಲಿ ಏರಿಸಿದ ಕಡತಗಳು ಸಾಮಾನ್ಯವಾಗಿ ಹೋಗಿ ಕೂರುವುದು ಇಡೀ ಜಗತ್ತಿಗೆ ತೆರೆದ ಒಂದು ಫೋಲ್ಡರಿನಲ್ಲಿ. ವಿಳಾಸ ಊಹಿಸಬಲ್ಲವನು ಲಾಗಿನ್ ಇಲ್ಲದೆ ತೆರೆಯಬಲ್ಲ. ಕೆಲವೊಮ್ಮೆ ಊಹಿಸುವ ಕಷ್ಟವೂ ಬೇಡ, ಸರ್ಚ್ ಎಂಜಿನ್‌ಗಳೇ ಹುಡುಕಿಟ್ಟಿರುತ್ತವೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ "ಗೊತ್ತಿರಲಿಲ್ಲ" ಎನ್ನುವುದಕ್ಕೆ ಆಸ್ಪದವಿಲ್ಲ. ಪ್ರವೇಶಕ್ಕೆ ಪ್ರತ್ಯೇಕ ವ್ಯವಸ್ಥೆ ಇದೆ. ಅದು ನಿಧಾನ, ನೋಡಲು ಚೆಂದವಿಲ್ಲ ಎಂಬ ನಿಮ್ಮ ದೂರನ್ನು ನಾವೂ ಒಪ್ಪುತ್ತೇವೆ.

ಪ್ಲಗಿನ್ ಒಳಗಿನಿಂದ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಬರೀ ಅಕ್ಷರವಿನ್ಯಾಸಕ್ಕೂ ಇದು ಅನ್ವಯ. ಗೂಗಲ್ ಫಾಂಟುಗಳನ್ನು ಗೂಗಲ್ ಸರ್ವರಿನಿಂದಲೇ ತರಿಸಿ, ಆ ಮೂಲಕ ಸಂದರ್ಶಕನ ಐಪಿ ವಿಳಾಸವನ್ನು ಅಲ್ಲಿಗೆ ಮುಟ್ಟಿಸಿದ್ದಕ್ಕಾಗಿ ಒಬ್ಬ ತಾಣ ಮಾಲೀಕರು 100 ಯೂರೋ ಪರಿಹಾರ ಕೊಡಬೇಕೆಂದು 2022ರ ಜನವರಿಯಲ್ಲಿ ಮ್ಯೂನಿಕ್‌ನ ನ್ಯಾಯಾಲಯ ಹೇಳಿತು. ಆ ತೀರ್ಪು ನಮಗೆ ಅನ್ವಯಿಸುವುದಿಲ್ಲ. ಆದರೂ ಕನ್ನಡ ಫಾಂಟನ್ನು ನಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಲು ಏನು ಕಷ್ಟ?

ಹಣ ಕೊಟ್ಟು ಕೊಳ್ಳುವ ಪ್ಲಗಿನ್. ವಿಭಾಗದ ಅನುದಾನದಿಂದಲೇ ಕೊಡುತ್ತೇವೆ. ಇನ್ನೇನು ಅಡ್ಡಿ?

ಈ ವರ್ಷ ಕೊಡುತ್ತೀರಿ. ಮುಂದಿನ ವರ್ಷ? ಬಹುಪಾಲು ಪರವಾನಗಿಗಳು ವಾರ್ಷಿಕ. ಕಂತು ತಪ್ಪಿದರೆ ಪ್ಲಗಿನ್ ನಿಲ್ಲುವುದಿಲ್ಲ, ಅಪ್‌ಡೇಟ್ ನಿಲ್ಲುತ್ತದೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ಯಾರ ಗಮನಕ್ಕೂ ಬರುವುದಿಲ್ಲ. ಮಾರ್ಚಿನಲ್ಲಿ ಉಳಿದ ಹಣ ಖರ್ಚು ಮಾಡಲೆಂದು ಕೊಂಡು, ಅತಿಥಿ ಉಪನ್ಯಾಸಕರೊಬ್ಬರ ಸ್ವಂತ ಇಮೇಲಿನಲ್ಲಿ ನೋಂದಾಯಿಸಿ, ಅವರು ಬೇರೆ ಊರಿಗೆ ಹೋದ ಮೇಲೆ ಕೀಲಿ ಸಿಗದೆ ಪರದಾಡಿದ್ದನ್ನು ಕಂಡಿದ್ದೇವೆ. ಆದ್ದರಿಂದ ಮೂರು ವರ್ಷದ ಹಣಕ್ಕೆ ಮುಖ್ಯಸ್ಥರ ಸಹಿಯಿರುವ ಪತ್ರ ಬೇಕು, ಪರವಾನಗಿ ವಿಶ್ವವಿದ್ಯಾಲಯದ ಇಮೇಲಿನಲ್ಲೇ ಇರಬೇಕು. ಪರವಾನಗಿ ತಾಣಗಳ ಲೆಕ್ಕದ್ದೋ ಜಾಲದ ಲೆಕ್ಕದ್ದೋ ಎಂದೂ ಕೇಳಿಕೊಳ್ಳಿ. ಅಲ್ಲಿ ಬೆಲೆ ಹತ್ತು ಪಟ್ಟಾಗುವುದುಂಟು.

ಅದೇ ಪ್ಲಗಿನ್ ಟೆಲಿಗ್ರಾಂನಲ್ಲಿ ಉಚಿತವಾಗಿ ಸಿಗುತ್ತಿದೆ.

ಬೇಡ. ವರ್ಡ್‌ಪ್ರೆಸ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯದು, ಅದರ ಪ್ಲಗಿನ್‌ಗಳನ್ನು ಹಂಚುವುದು ಕಾನೂನುಬಾಹಿರವಲ್ಲ ಎಂದು ಕೆಲವರು ವಾದಿಸುತ್ತಾರೆ. ಇರಬಹುದು. ಆ ಜಿಪ್ ಕಡತದೊಳಗೆ ಮೂಲ ಪ್ಲಗಿನ್ ಜೊತೆ ಇನ್ನೇನನ್ನು ತುಂಬಿದ್ದಾರೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಪುಟ ಕಟ್ಟುವ ಪ್ಲಗಿನ್‌ಗಳನ್ನು ಏಕೆ ಕೊಡುವುದಿಲ್ಲ? ಎಷ್ಟು ಸುಂದರವಾಗಿ ಬರುತ್ತದೆ!

ಸುಂದರವಾಗಿ ಬರುತ್ತದೆ, ಒಪ್ಪಿದೆ. ಬಿಟ್ಟು ಹೋಗಲು ಬಿಡುವುದಿಲ್ಲ. ಇಂಥ ಕೆಲವು ಪ್ಲಗಿನ್‌ಗಳಲ್ಲಿ ಕಟ್ಟಿದ ಪುಟದಿಂದ ಅವನ್ನು ತೆಗೆದರೆ ಉಳಿಯುವುದು ಚೌಕಾವರಣಗಳ ಗೊಂಚಲು, ನಡುನಡುವೆ ಚೂರು ಬರಹ. 2018ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲೇ ಬ್ಲಾಕ್ ಸಂಪಾದಕವಿದೆ. ಮೊದಲು ಒರಟಾಗಿತ್ತು, ಈಗ ಪಳಗಿದೆ. ವಿಭಾಗದ ಪುಟಕ್ಕೆ ಬೇಕಾದ ಕಾಲಂಗಳು, ಕೋಷ್ಟಕ, ಚಿತ್ರಮಾಲೆ ಎಲ್ಲವೂ ಅದರಲ್ಲೇ ಆಗುತ್ತದೆ. ಇದು ನಮ್ಮ ಘಟಕದ ಹಟ ಎನ್ನುವವರಿದ್ದಾರೆ, ಹಟವೇ ಇರಬಹುದು.

ನಮ್ಮ ಎಂಸಿಎ ವಿದ್ಯಾರ್ಥಿಗಳೇ ಒಂದು ಪ್ಲಗಿನ್ ಬರೆದಿದ್ದಾರೆ. ಹಾಕುತ್ತೀರಾ?

ಸಂತೋಷದಿಂದ ನೋಡುತ್ತೇವೆ. ಹೊರಗಿನ ಪ್ಲಗಿನ್‌ಗೆ ಇರುವ ಪರೀಕ್ಷೆಯೇ ಇದಕ್ಕೂ, ಆದರೆ ಇಲ್ಲಿ ತಪ್ಪುಗಳನ್ನು ಎದುರು ಕುಳಿತು ತೋರಿಸಬಹುದು. ವರ್ಡ್‌ಪ್ರೆಸ್ ತಂಡದ್ದೇ ಆದ ಪ್ಲಗಿನ್ ಚೆಕ್ ಎಂಬ ಉಪಕರಣ ಉಚಿತವಾಗಿದೆ. ಮೊದಲು ಅದರಲ್ಲಿ ಓಡಿಸಿ, ಅದು ತೋರಿಸಿದ ದೋಷಗಳನ್ನು ತಿದ್ದಿ ತನ್ನಿ. ಒಂದು ಪ್ರಶ್ನೆಗೆ ಮಾತ್ರ ಲಿಖಿತ ಉತ್ತರ ಬೇಕು: ಆ ವಿದ್ಯಾರ್ಥಿಗಳು ಜೂನಿನಲ್ಲಿ ಹೊರಟ ಮೇಲೆ ಕೋಡಿಗೆ ಹೊಣೆ ಯಾರು? "ಜೂನಿಯರ್‌ಗಳು ನೋಡಿಕೊಳ್ಳುತ್ತಾರೆ" ಎಂಬುದು ಉತ್ತರವಲ್ಲ. ಕಾಯಂ ಬೋಧಕರೊಬ್ಬರ ಹೆಸರು ಬರೆಯಿರಿ.

ಪಿಎಚ್‌ಪಿಯ ನಾಲ್ಕು ಸಾಲು ಸೇರಿಸಿದರೆ ಸಾಕು. ಅದಕ್ಕೆಂದೇ ಕೋಡ್ ತುಣುಕು ಹಾಕುವ ಪ್ಲಗಿನ್ ಇದೆಯಲ್ಲ?

ಆ ಪ್ಲಗಿನ್‌ಗೆ ಒಪ್ಪಿಗೆ ಕೊಡುವುದು ಮತ್ತು ಇನ್ನು ಮುಂದೆ ಯಾವುದನ್ನೂ ಪರಿಶೀಲಿಸುವುದಿಲ್ಲ ಎಂದು ಬರೆದುಕೊಡುವುದು ಎರಡೂ ಒಂದೇ. ನಾಲ್ಕು ಸಾಲನ್ನು ನಮಗೆ ಕಳಿಸಿ, ಓದಿ ನಾವೇ ಸೇರಿಸುತ್ತೇವೆ.

ಎಷ್ಟು ದಿನ ಬೇಕು? ನ್ಯಾಕ್ ಮೌಲ್ಯಮಾಪನ ತಂಡ ಮುಂದಿನ ವಾರ ಬರುತ್ತಿದೆ.

ಸರಳ ಪ್ಲಗಿನ್‌ಗೆ ಎರಡು ವಾರ. ಮಾಹಿತಿ ಸಂಗ್ರಹಿಸುವ, ಲಾಗಿನ್ ಮುಟ್ಟುವ ಪ್ಲಗಿನ್‌ಗೆ ಒಂದು ತಿಂಗಳು ಹಿಡಿಯಬಹುದು. ಪ್ರವೇಶ ಮತ್ತು ಫಲಿತಾಂಶದ ಕಾಲದಲ್ಲಿ ಹೊಸದೇನನ್ನೂ ಸೇರಿಸುವುದಿಲ್ಲ. ನ್ಯಾಕ್ ತಂಡ ನೋಡುವುದು ನಿಮ್ಮ ವಾರ್ಷಿಕ ಗುಣಮಟ್ಟ ವರದಿ ತಾಣದಲ್ಲಿದೆಯೇ, ಕೊಂಡಿ ಒತ್ತಿದರೆ ತೆರೆಯುತ್ತದೆಯೇ ಎಂದು. ಇರುವ ವಾರವನ್ನು ಮುರಿದ ಕೊಂಡಿ ಸರಿಪಡಿಸಲು ಬಳಸಿ, ನಾವೂ ಜೊತೆಗೆ ಕೂರುತ್ತೇವೆ.

ಅಪ್‌ಡೇಟುಗಳು ತಾವಾಗಿಯೇ ಆಗುತ್ತವೆಯೇ?

ಇಲ್ಲ. 2020ರ 5.5 ಆವೃತ್ತಿಯಿಂದ ಪ್ಲಗಿನ್‌ಗಳಿಗೂ ಆ ಸೌಲಭ್ಯವಿದೆ, ನಾವು ಹಚ್ಚಿಲ್ಲ. ಈ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ತಡಮಾಡಿದರೆ ತೆರೆದ ಲೋಪದೊಂದಿಗೆ ಕಾಯುತ್ತೇವೆ. ತಕ್ಷಣ ಹಾಕಿದರೆ ಅಪ್‌ಡೇಟೇ ವಿಷವಾಗಿರಬಹುದು: 2024ರ ಜೂನಿನಲ್ಲಿ ಸೋಷಿಯಲ್ ವಾರ್‌ಫೇರ್ ಸೇರಿದಂತೆ ಹಲವು ಪ್ಲಗಿನ್‌ಗಳಿಗೆ, ಅಧಿಕೃತ ಭಂಡಾರದ ಮೂಲಕವೇ, ಕಳ್ಳ ಅಡ್ಮಿನ್ ಖಾತೆ ಸೃಷ್ಟಿಸುವ ಕೋಡ್ ಸೇರಿತು. ಬೇರೆಡೆ ಸೋರಿದ ಗುಪ್ತಪದವನ್ನೇ ಲೇಖಕರು ಇಲ್ಲಿಯೂ ಬಳಸಿದ್ದು ಕಾರಣ. ಸದ್ಯಕ್ಕೆ ನಾವು ಹಿಡಿದಿರುವ ದಾರಿ ಹೀಗಿದೆ. ಭದ್ರತಾ ಅಪ್‌ಡೇಟನ್ನು ಅದೇ ದಿನ ಪ್ರಯೋಗದ ಸರ್ವರಿನಲ್ಲಿ ನೋಡಿ ಹಾಕುತ್ತೇವೆ. ಉಳಿದವು ವಾರಕ್ಕೊಮ್ಮೆ, ಬ್ಯಾಕಪ್ ತೆಗೆದ ಮೇಲೆ.

ಒಮ್ಮೆ ಒಪ್ಪಿದ್ದನ್ನು ತೆಗೆದುಹಾಕುವುದುಂಟೇ?

ಉಂಟು. ಪ್ರತಿ ಒಪ್ಪಿಗೆಯ ಅವಧಿ ಒಂದು ವರ್ಷ; ಮರುಪರಿಶೀಲನೆ ಇದ್ದೇ ಇದೆ. ಲೇಖಕರು ಕೈಬಿಟ್ಟರೆ, ಮಾಲೀಕರು ಬದಲಾದರೆ ನಡುವೆಯೂ ನೋಡುತ್ತೇವೆ. 2024ರ ಅಕ್ಟೋಬರಿನಲ್ಲಿ, ಡಬ್ಲ್ಯುಪಿ ಎಂಜಿನ್ ಕಂಪನಿಯ ಜೊತೆಗಿನ ಜಗಳದ ನಡುವೆ, ಆ ಕಂಪನಿಯ ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್‌ನ ಭಂಡಾರದ ಪುಟವನ್ನೇ ವರ್ಡ್‌ಪ್ರೆಸ್ ತಂಡ ತನ್ನ ವಶಕ್ಕೆ ತೆಗೆದುಕೊಂಡು ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಎಂದು ಹೆಸರು ಬದಲಿಸಿತು. ಯಾರದು ಸರಿ ಎಂಬುದು ಬೇರೆ ಮಾತು. ಬಳಸುತ್ತಿದ್ದವರು ರಾತ್ರೋರಾತ್ರಿ ಯಾರ ಕೋಡನ್ನು ನಂಬುವುದೆಂದು ತೀರ್ಮಾನಿಸಬೇಕಾಯಿತು.

ಸಾಮಾನ್ಯವಾಗಿ 30 ದಿನ ಮೊದಲೇ ತಿಳಿಸುತ್ತೇವೆ, ಬದಲಿ ದಾರಿ ತೋರಿಸುತ್ತೇವೆ. ಲೋಪವನ್ನು ಯಾರೋ ಆಗಲೇ ದುರ್ಬಳಕೆ ಮಾಡುತ್ತಿದ್ದರೆ ಮೊದಲು ತೆಗೆಯುತ್ತೇವೆ, ಆಮೇಲೆ ಫೋನ್. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್‌ನ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಸರ್ವರಿನ ಚಟುವಟಿಕೆಯ ದಾಖಲೆ) ಇಟ್ಟಿರಬೇಕು. ಆ ಆರು ಗಂಟೆಯಲ್ಲಿ ನಿಮ್ಮ ಗ್ಯಾಲರಿ ಎಲ್ಲಿ ಹೋಯಿತೆಂದು ಕೇಳಿದರೆ ಉತ್ತರ ಸ್ವಲ್ಪ ಚುಟುಕಾಗಿರಬಹುದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ತಿರಸ್ಕರಿಸಿದರೆ ಯಾರನ್ನು ಕೇಳಬೇಕು?

ಮೊದಲು ನಮ್ಮನ್ನೇ. ಕಾರಣವನ್ನು ಬರೆದೇ ಕೊಡುತ್ತೇವೆ. ಕಾರಣ ತಪ್ಪೆನಿಸಿದರೆ ತಿದ್ದಿ ಹೇಳಿ. ಹಾಗೆ ನಾವು ನಿರ್ಧಾರ ಬದಲಿಸಿದ್ದೂ ಇದೆ. ನೇರವಾಗಿ ಕುಲಸಚಿವರಿಗೆ ಬರೆದರೆ ಆ ಕಡತ ಟಿಪ್ಪಣಿಗೆಂದು ಮರಳಿ ನಮ್ಮ ಮೇಜಿಗೇ ಬರುತ್ತದೆ, ಎರಡು ವಾರ ತಡವಾಗಿ.

ಅರ್ಜಿಯಲ್ಲಿ ಏನು ಬರೆಯಬೇಕು?

ಪ್ಲಗಿನ್ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಯಾರಿಗಾಗಿ, ಯಾವ ಕೆಲಸಕ್ಕೆ, ಎಷ್ಟು ಕಾಲ ಎಂದು ನಾಲ್ಕು ವಾಕ್ಯ ಬರೆಯಿರಿ. "ಬೇರೆ ವಿಶ್ವವಿದ್ಯಾಲಯದ ತಾಣದಲ್ಲಿದೆ" ಎಂಬ ಕಾರಣವೊಂದನ್ನೇ ಬರೆದರೆ ನಾವು ಮರಳಿ ಕೇಳಬೇಕಾಗುತ್ತದೆ. ವಿಭಾಗದಿಂದ ಒಬ್ಬರ ಹೆಸರು ಬೇಕೇ ಬೇಕು. ಅಪ್‌ಡೇಟ್ ಆದ ಮೇಲೆ ನಿಮ್ಮ ಪುಟಗಳನ್ನು ತೆರೆದು ನೋಡಿ ಸರಿಯಿದೆ ಎಂದು ಹೇಳುವವರು ಅವರು.

ಮುಖಪುಟದಲ್ಲಿ ಓಡುವ ಅಕ್ಷರಗಳು, ಮಿನುಗುವ "ಹೊಸದು" ಚಿತ್ರ ಬೇಕೆಂದು ಮುಖ್ಯಸ್ಥರು ಹೇಳುತ್ತಿದ್ದಾರೆ. ಪ್ಲಗಿನ್ ಇದೆಯೇ?

ಇದೆ, ನೂರಾರಿವೆ. ಯಾವುದನ್ನೂ ಒಪ್ಪಿಲ್ಲ. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವ ಬರಹವನ್ನು ಓದುಗರು ನಿಲ್ಲಿಸಲು ಸಾಧ್ಯವಿರಬೇಕು ಎಂದು ಜಾಲತಾಣ ಸುಗಮ್ಯತೆಯ ಅಂತರರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಈ ಪುಟವನ್ನು ಮುದ್ರಿಸಿ ಅವರ ಮೇಜಿನ ಮೇಲಿಡಿ. ಆದರೂ ಒಪ್ಪದಿದ್ದರೆ ಸುದ್ದಿಯ ಪಕ್ಕ ದಿನಾಂಕ ಹಾಕಿ ಕೆಂಪು ಬಣ್ಣದಲ್ಲಿ "ಹೊಸದು" ಎಂದು ಬರೆದುಕೊಡುತ್ತೇವೆ. ಹದಿನೈದು ದಿನವಾದ ಮೇಲೆ ಅದು ತಾನಾಗಿ ಮರೆಯಾಗುತ್ತದೆ. ಅಷ್ಟಕ್ಕೆ ನಾವೇ ಹನ್ನೆರಡು ಸಾಲಿನ ಪ್ಲಗಿನ್ ಬರೆದಿಟ್ಟಿದ್ದೇವೆ.